ಬುದ್ಧಿಹಲ್ಲು ಹೋದ ವಾರದ ಊಟ

ಮನುಷ್ಯನ ಬಾಯಲ್ಲಿ ಮೂವತ್ತೆರಡು ಹಲ್ಲುಗಳೆಂದು ನಾವು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಪಾಠ ಹೇಳುತ್ತ ಬಂದಿದ್ದೇವೆ. ಅವುಗಳಲ್ಲಿ ಕಡೆಯ ನಾಲ್ಕು ಸಾಮಾನ್ಯವಾಗಿ ಹದಿನೇಳರಿಂದ ಇಪ್ಪತ್ತೈದರ ಪ್ರಾಯದೊಳಗೆ ಹುಟ್ಟತಕ್ಕವು. ಹುಡುಗನಿಗೆ ಬುದ್ಧಿ ಬರಬೇಕಾದ ಕಾಲಕ್ಕೆ ಬರುವುವಾದ್ದರಿಂದ ಅವಕ್ಕೆ ಬುದ್ಧಿಹಲ್ಲೆಂದು ಹೆಸರು. ನಮ್ಮ ರಾಯಕೋಟೆಯಲ್ಲಿ ಮೂರು ಭಾಷೆಗಳು ಒಂದೇ ಬೀದಿಯಲ್ಲಿ ನಡೆದಾಡುತ್ತವೆಯಷ್ಟೆ. ತಮಿಳರು ಇದನ್ನು ಞಾನಪ್ಪಲ್ ಎನ್ನುವರು, ತೆಲುಗರು ಜ್ಞಾನದಂತವೆನ್ನುವರು. ಅವರಿಬ್ಬರಿಗೂ ಜ್ಞಾನವೇ ದೊರೆತಿದೆ; ಕನ್ನಡಿಗರು ಬುದ್ಧಿಯಲ್ಲೇ ತೃಪ್ತರಾದರು. ನಮಗಂತೂ ಆ ಬುದ್ಧಿಯೂ ನೆಟ್ಟಗೆ ಮೇಲೆ ಬರಲಿಲ್ಲ. ಎಡಗಡೆಯ ಕೆಳದವಡೆಯಲ್ಲಿ ಅದು ಅಡ್ಡಡ್ಡಲಾಗಿ ಮಲಗಿ, ಪಕ್ಕದ ಹಲ್ಲಿಗೆ ತಲೆ ಕೊಟ್ಟು, ನಮ್ಮ ನಾಲ್ವತ್ತನಾಲ್ಕನೆಯ ವರ್ಷದವರೆಗೂ ನಿದ್ದೆ ಮಾಡಿತು. ಎಚ್ಚರಗೊಂಡದ್ದು ಮಾರ್ಚಿ ತಿಂಗಳಲ್ಲಿ, ಪರೀಕ್ಷೆಯ ಕಾಲದಲ್ಲಿ.

ಬೇಸಿಗೆ ರಜೆಯವರೆಗೆ ಲವಂಗ ಕಚ್ಚಿಕೊಂಡು ಕಾಲ ನೂಕಿದೆವು. ಮೇ ತಿಂಗಳಲ್ಲಿ ಮನೆಯವರು ಮಕ್ಕಳನ್ನು ಕರೆದುಕೊಂಡು ಮಾಲೂರಿನ ತವರಿಗೆ ಹೋದರು. ಮನೆಯಲ್ಲಿ ಉಳಿದವರು ನಾವು, ನಮ್ಮ ತಾಯಿ. ಇದೇ ಸಮಯವೆಂದು ಹೊಸೂರಿಗೆ ಹೋಗಿ ದಂತವೈದ್ಯರಿಗೆ ಬಾಯಿ ಒಪ್ಪಿಸಿದೆವು. ನಮ್ಮೂರ ಬೆಟ್ಟದ ಮೇಲಣ ಕೋಟೆ 1791ರಲ್ಲಿ ಟಿಪ್ಪುವಿನ ಕೈತಪ್ಪಿ ಆಂಗ್ಲರ ವಶವಾಯಿತೆಂದು ಮಕ್ಕಳಿಗೆ ಹೇಳುವಾಗ ನಮಗೆ ಕೊಂಚ ನಾಚಿಕೆಯಾಗುವುದುಂಟು. ಈ ಹಲ್ಲು ಆ ಮಾನವನ್ನು ಉಳಿಸಿತು. ಸೂಜಿಮದ್ದು ಚುಚ್ಚಿ, ವಸಡು ಸೀಳಿ, ಎಲುಬು ಕೆತ್ತಿ, ಹಲ್ಲನ್ನೇ ಎರಡು ತುಂಡು ಮಾಡಿದ ಮೇಲಲ್ಲದೆ ಅದು ಹೊರಕ್ಕೆ ಬರಲಿಲ್ಲ. ಪೂರ್ತಿ ಒಂದು ಗಂಟೆಯ ಮುತ್ತಿಗೆ. ಎರಡು ಹೊಲಿಗೆ ಹಾಕಿ, ಹತ್ತಿಯ ಉಂಡೆಯೊಂದನ್ನು ಕಚ್ಚಿಸಿ, ಅಚ್ಚಾದ ಹಾಳೆಯೊಂದನ್ನು ಕೈಗೆ ಕೊಟ್ಟು ಕಳುಹಿಸಿದರು.

ಉದ್ದನಪಳ್ಳಿಯ ದಾರಿಯಲ್ಲಿ ಬಸ್ಸಿನಲ್ಲಿ ಕುಳಿತು ಆ ಹಾಳೆಯನ್ನು ಓದಿದೆವು. ಮೊದಲ ದಿನ ಬಿಸಿಯದೇನನ್ನೂ ತಿನ್ನಕೂಡದು, ಕುಡಿಯಕೂಡದು. ಉಗುಳಕೂಡದು, ಬಾಯಿ ಮುಕ್ಕಳಿಸಕೂಡದು. ಎರಡನೆಯ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರನ್ನು ಮೆಲ್ಲಗೆ ಬಾಯಲ್ಲಿ ಹೊರಳಿಸಿ ಚೆಲ್ಲಬಹುದು. ಬೀಡಿ ಸಿಗರೇಟು, ಎಲೆ ಅಡಿಕೆ ಕೂಡದು. ಕೊಳವೆ ಹಾಕಿ ಪಾನೀಯಗಳನ್ನು ಹೀರಕೂಡದು. ಇವೆಲ್ಲ ಸರಿಯೇ. ಆದರೆ ತಿನ್ನಬಹುದಾದವುಗಳ ಪಟ್ಟಿಯನ್ನು ನೋಡಿ ಬೆರಗಾದೆವು: ಐಸ್ ಕ್ರೀಂ, ಕಸ್ಟರ್ಡ್, ಮಸೆದ ಆಲೂಗಡ್ಡೆ, ಓಟ್ಸ್, ಸೂಪು, ಸ್ಮೂದಿ. ಈ ಪಟ್ಟಿಯನ್ನು ಬರೆದ ಪುಣ್ಯಾತ್ಮರು ಯಾವ ಸೀಮೆಯವರೋ, ನಮ್ಮ ಹೋಬಳಿಯಲ್ಲಿ ಯಾರಿಗೂ ದವಡೆಯಿಲ್ಲವೆಂದು ತಿಳಿದಿದ್ದರೆಂದು ತೋರುತ್ತದೆ.

ಮನೆಗೆ ಬಂದು, ಮಾತಾಡಲಾರದೆ, ಹಾಳೆಯನ್ನು ತಾಯಿಯವರ ಮುಂದೆ ಹಿಡಿದೆವು. ಅವರಿಗೆ ಅಕ್ಷರ ಬಾರದೆಂಬುದು ಆ ಗಾಬರಿಯಲ್ಲಿ ಮರೆತುಹೋಗಿತ್ತು. ಅವರು ಹಾಳೆಯನ್ನು ನೋಡಲಿಲ್ಲ, ನಮ್ಮ ಊದಿದ ಕೆನ್ನೆಯನ್ನು ನೋಡಿದರು.

“ಮಾತಾಡ್ಬೇಡ, ಸುಮ್ನೆ ಕೂತ್ಕೊ. ಅಂಬ್ಲಿ ಆರಕ್ಕಿಟ್ಟಿವ್ನಿ” ಎಂದರು.

ಅಂಬಲಿ ಆಗಲೇ ಸಿದ್ಧವಾಗಿತ್ತು! ರಾಗಿಹಿಟ್ಟನ್ನು ನೀರಿನಲ್ಲಿ ಗಂಟಾಗದಂತೆ ಕಲಸಿ, ಕುದಿಯುವ ನೀರಿಗೆ ಹೊಯ್ದು, ಹಸಿವಾಸನೆ ಹೋಗುವವರೆಗೆ ತಿರುವಿ, ಇಳಿಸಿ, ಪೂರಾ ತಣ್ಣಗಾದ ಮೇಲೆ ಮಜ್ಜಿಗೆ ಉಪ್ಪು ಬೆರಸಿದ್ದು. ಎಂದಿನಂತೆ ಹೆಚ್ಚಿದ ಈರುಳ್ಳಿಯನ್ನು ಅದರಲ್ಲಿ ಹಾಕಿರಲಿಲ್ಲ. ತುಟಿ ಇನ್ನೂ ಜೋಮು ಹಿಡಿದಿದ್ದುದರಿಂದ ಲೋಟದ ಅಂಚು ಎಲ್ಲಿದೆಯೆಂದು ನಮಗೆ ತಿಳಿಯದು. ಚಮಚದಲ್ಲಿ ಬಲಗಡೆಯಿಂದ ಕುಡಿಸಿದರು. ಅದು ಹೊಟ್ಟೆಗೆ ಸೇರಿದ ಮೇಲೆಯೇ ಮಾತ್ರೆ ಕೊಟ್ಟರು. ಬರಿಹೊಟ್ಟೆಯಲ್ಲಿ ನೋವಿನ ಮಾತ್ರೆ ನುಂಗಬಾರದೆಂದು ಹಾಳೆಯ ಹಿಂಭಾಗದಲ್ಲಿ ಅಚ್ಚಾಗಿದ್ದುದನ್ನು ನಾವು ಮರುದಿನ ಕಂಡೆವು.

ಕನಕದಾಸರ ರಾಮಧಾನ್ಯಚರಿತ್ರೆಯ ಕಥೆ ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿದೆ. ಅಕ್ಕಿಗೂ ರಾಗಿಗೂ ಯಾರು ಮೇಲೆಂದು ಜಗಳವಾಗಿ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದನು. ಬಿಡುಗಡೆಯ ದಿನ ಅಕ್ಕಿ ಸೊರಗಿತ್ತು, ರಾಗಿ ಗಟ್ಟಿಯಾಗಿಯೇ ಇತ್ತು. ಇದನ್ನು ನಾವು ಎಷ್ಟೋ ಬಾರಿ ಪಾಠ ಮಾಡಿದ್ದೇವೆ, ಮಾಡಿ ಮನೆಗೆ ಬಂದು ಅನ್ನ ಉಂಡಿದ್ದೇವೆ. ಕೆಲಸ ಸಿಕ್ಕಿದ ಮೇಲೆ ಅನ್ನದ ಮನೆಯಾಗುವುದು ನಮ್ಮ ಕಡೆ ಒಂದು ಮರ್ಯಾದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಸುಣ್ಣದ ಅಂಶವಿದೆ, ಅಷ್ಟೇ ಅಕ್ಕಿಯಲ್ಲಿ ಹತ್ತರ ಆಸುಪಾಸು ಮಾತ್ರ. ಎಲುಬು ಕೆತ್ತಿಸಿಕೊಂಡು ಬಂದವನಿಗೆ ಯಾವುದು ಹಿತವೆಂದು ಬೇರೆ ಹೇಳಬೇಕಾಗಿಲ್ಲ. 2023ನೆಯ ಇಸವಿಯನ್ನು ವಿಶ್ವಸಂಸ್ಥೆಯವರು ಸಿರಿಧಾನ್ಯಗಳ ವರ್ಷವೆಂದು ಸಾರಿದರು. ನಮ್ಮ ತಾಯಿಯವರಿಗೆ ಈ ಸಮಾಚಾರ ತಲುಪಿರಲಿಲ್ಲವಾದ್ದರಿಂದ ಅವರು ಅದಕ್ಕೆ ಮೊದಲೂ ಆಮೇಲೂ ರಾಗಿಯನ್ನೇ ಬೀಸಿಸುತ್ತಿದ್ದರು.

ಎರಡನೆಯ ದಿನ ಹುರುಳಿಯ ಕಟ್ಟು. ಹುರುಳಿಯನ್ನು ಬೇಯಿಸಿ ಬಸಿದ ನೀರಿಗೆ ಕಾಳನ್ನು ನುಣ್ಣಗೆ ಅರೆದು ಬೆರಸಿ, ಬಟ್ಟೆಯಲ್ಲಿ ಸೋಸಿ, ಮೆಣಸಿನಕಾಯಿಯಿಲ್ಲದೆ ಬರಿಯ ಜೀರಿಗೆ ಬೆಳ್ಳುಳ್ಳಿ ಹಾಕಿದ್ದು, ಉಗುರುಬೆಚ್ಚಗೆ. ಹಾಳೆಯಲ್ಲಿದ್ದ ಸೂಪು ಇದಕ್ಕಿಂತ ಹೆಚ್ಚಿನದೇನೂ ಆಗಿರಲಾರದು. ರಾತ್ರಿಗೆ ಚೆನ್ನಾಗಿ ಕಿವುಚಿದ ಮೊಸರನ್ನ. ಒಗ್ಗರಣೆಯ ಸಾಸಿವೆ ಹಲ್ಲಿನ ಗುಳಿಯೊಳಗೆ ಬಿದ್ದರೆ ಆಗದೆಂದು ಒಗ್ಗರಣೆಯೂ ಇಲ್ಲ. ನಾವು ಟೊಮೇಟೊ ಸಾರು ಕೇಳಿದೆವು, ಕೈಸನ್ನೆಯಿಂದ. ರಾಯಕೋಟೆಯಲ್ಲಿ ಹುಟ್ಟಿದವನು ಟೊಮೇಟೊ ಇಲ್ಲದೆ ಎರಡು ದಿನ ಕಳೆಯುವುದು ಹೇಗೆ? ಇಲ್ಲಿಯ ಮಂಡಿಯಿಂದ ಲಾರಿಗಟ್ಟಲೆ ಟೊಮೇಟೊ ದೇಶಾಂತರ ಹೋಗುತ್ತದೆ. ಬೆಲೆ ಬಿದ್ದ ವರ್ಷ ರೈತರು ರಸ್ತೆಯ ಪಕ್ಕಕ್ಕೆ ಸುರಿದು ಹೋಗುವುದನ್ನೂ ಕಂಡಿದ್ದೇವೆ. ತಾಯಿಯವರು ಒಪ್ಪಲಿಲ್ಲ. ಹುಳಿ ಗಾಯವನ್ನು ಉರಿಸುತ್ತದೆ, ಬೀಜ ಗುಳಿಯಲ್ಲಿ ಕೂರುತ್ತದೆ ಎಂದರು. ಊರೆಲ್ಲ ಕೆಂಪಗೆ ರಾಶಿ ಬಿದ್ದಿರುವಾಗ ನಾವು ಬೆಳ್ಳಗಿನ ಊಟ ಮಾಡಿಕೊಂಡಿದ್ದೆವು.

ಮುದ್ದೆಯ ವಿಷಯವಾಗಿ ಒಂದು ಮಾತು. ಮುದ್ದೆಯನ್ನು ಅಗಿಯುವವರಿಲ್ಲ, ನುಂಗುತ್ತಾರೆ. ಆದ್ದರಿಂದ ಹಲ್ಲು ಕಿತ್ತವನಿಗೆ ಮುದ್ದೆಯಂಥ ಊಟವಿಲ್ಲವೆಂದು ನಾವು ತರ್ಕಮಾಡಿ, ಮೊದಲ ರಾತ್ರಿಯೇ ಮುದ್ದೆ ಬೇಕೆಂದೆವು. ತರ್ಕದಲ್ಲಿ ದೋಷವಿರಲಿಲ್ಲ, ದೋಷವಿದ್ದುದು ದವಡೆಯಲ್ಲಿ. ಶಸ್ತ್ರಕ್ರಿಯೆಯಾದ ಮೇಲೆ ಸ್ನಾಯುಗಳು ಬಿಗಿದು ಬಾಯಿ ಒಂದು ಬೆರಳಿಗಿಂತ ಹೆಚ್ಚು ತೆರೆಯದು. ಮುದ್ದೆಯ ತುತ್ತಿಗೆ ಎರಡು ಬೆರಳಾದರೂ ಬೇಡವೇ? ಜೊತೆಗೆ ಮುದ್ದೆಯನ್ನು ತಣ್ಣಗೆ ಉಣ್ಣುವುದೆಂದರೆ ಅದು ಊಟವಲ್ಲ, ಶಿಕ್ಷೆ.

ಇನ್ನು ಮೂರನೆಯ ದಿನದ ಕಥೆ. ಇದನ್ನು ಹೇಳಲು ಸಂಕೋಚವಾಗುತ್ತದೆ. ಆದರೂ ಓದುವವರಲ್ಲಿ ಮುಂದೆ ಯಾರಾದರೂ ಆ ಕುರ್ಚಿಯಲ್ಲಿ ಕೂರಬೇಕಾದವರೇ ಆದ್ದರಿಂದ ಮುಚ್ಚಿಡುವುದು ಸರಿಯಲ್ಲ. ನೋವು ಬಹುಮಟ್ಟಿಗೆ ತಗ್ಗಿತ್ತು, ಊತ ಇಳಿಯತೊಡಗಿತ್ತು. ಹಳೆಯ ವಿದ್ಯಾರ್ಥಿಯೊಬ್ಬನು ಮೇಷ್ಟ್ರಿಗೆ ಹುಷಾರಿಲ್ಲವೆಂದು ಕೇಳಿ ಒಂದು ಬುಟ್ಟಿ ಮಾವಿನಹಣ್ಣು ತಂದಿಟ್ಟುಹೋದನು. ಕೃಷ್ಣಗಿರಿಯ ಸೀಮೆಯೆಂದರೆ ಮಾವು. ಕಾರ್ಖಾನೆಗಳಿಗೆ ತಿರುಳಿಗಾಗಿ ಹೋಗುವ ತೋತಾಪುರಿಯಲ್ಲ ಇವು. ಹಿತ್ತಿಲ ಮರದ, ಮುಷ್ಟಿಯಲ್ಲಡಗುವ ನಾಟಿಹಣ್ಣು, ತೊಟ್ಟು ಮುರಿದು ಚೀಪತಕ್ಕವು.

“ಇರು, ಹಿಂಡಿ ರಸ ಮಾಡ್ಕೊಡ್ತೀನಿ” ಎಂದು ಹೇಳಿ ತಾಯಿಯವರು ಬಟ್ಟಲು ತರಲು ಒಳಗೆ ಹೋದರು. ಅವರು ಬರುವಷ್ಟರಲ್ಲಿ ನಾವು ಎರಡು ಹಣ್ಣು ಚೀಪಿ ಮುಗಿಸಿದ್ದೆವು.

ಕೊಳವೆಯಿಂದ ಹೀರಬಾರದೆಂದು ಓದಿದ್ದೆವು, ಮನೆಯಲ್ಲಿ ಕೊಳವೆಯೇ ಇರಲಿಲ್ಲ. ಹೀಗಾಗಿ ಆ ನಿಯಮವನ್ನು ಪಾಲಿಸಿದೆವೆಂದೇ ನೆಮ್ಮದಿಯಾಗಿದ್ದೆವು. ಮಾವಿನಹಣ್ಣು ಚೀಪುವುದೂ ಹೀರುವುದೇ ಎಂಬುದು ಮೂವತ್ತೆರಡರಲ್ಲಿ ಒಂದು ಕಡಮೆಯಾದ ನಮ್ಮ ಬುದ್ಧಿಗೆ ಹೊಳೆಯಲಿಲ್ಲ. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ನಿಲ್ಲುತ್ತದೆ. ಆ ಹೆಪ್ಪೇ ಕೆಳಗಿನ ಎಲುಬಿಗೂ ನರಗಳಿಗೂ ಹೊದಿಕೆ. ಅದರ ಮೇಲೆಯೇ ಹೊಸ ಮಾಂಸ ಬೆಳೆಯಬೇಕು. ಬಾಯಿಂದ ಜಗ್ಗಿ ಹೀರಿದರೆ ಹೆಪ್ಪು ಕಿತ್ತುಬರಬಹುದು. ಜೋರಾಗಿ ಉಗುಳಿದರೂ ಹಾಗೆಯೇ. ಹೆಪ್ಪು ಹೋದ ಗುಳಿಯನ್ನು ವೈದ್ಯರು ಡ್ರೈ ಸಾಕೆಟ್ ಎನ್ನುತ್ತಾರೆ, ಒಣಗುಳಿಯೆನ್ನೋಣ. ಅಂದು ರಾತ್ರಿ ಹತ್ತರ ಹೊತ್ತಿಗೆ ನೋವು ದವಡೆಯಿಂದ ಹೊರಟು ಕಿವಿಯನ್ನು ದಾಟಿ ನೆತ್ತಿಗೆ ಹತ್ತಿತು. ಹಲ್ಲು ಕೀಳಿಸಿದ ದಿನದ ನೋವು ಇದರ ಮುಂದೆ ಏನೂ ಅಲ್ಲ.

ನಡುರಾತ್ರಿ ಲವಂಗ ಸಿಕ್ಕೀತೆಂದು ಅಡಿಗೆಮನೆಗೆ ಹೋಗಿ ಗೂಡಿನ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿದೆವು. ಹಿಂದಿನ ಸಾಲಿನ ಒಂದು ಡಬ್ಬಿಯಲ್ಲಿ ನಿಪ್ಪಟ್ಟು, ಕೋಡುಬಳೆ. ಯುಗಾದಿಗೆ ನಾವೇ ಹೊಸೂರಿನಿಂದ ತಾಯಿಯವರಿಗೆಂದು ತಂದುಕೊಟ್ಟವು, ಎರಡು ತಿಂಗಳ ಹಿಂದೆ. ಕಾಗದದ ಪೊಟ್ಟಣದ ದಾರವನ್ನು ಕೂಡ ಬಿಚ್ಚಿರಲಿಲ್ಲ. ಪ್ರತಿ ಹಬ್ಬಕ್ಕೂ ತರುತ್ತೇವೆ. ಅವರು ಚಿಕ್ಕಂದಿನಿಂದ ನಿಪ್ಪಟ್ಟು ಬಹಳ ಇಷ್ಟಪಡುತ್ತಾರೆಂದು ತರುತ್ತೇವೆ. ಕೈಗೆ ಕೊಟ್ಟರೆ “ಆಮೇಲೆ ತಿಂತೀನಿ” ಎನ್ನುತ್ತಾರೆ. ಆಮೇಲೆ ಎಂದರೆ ಮೊಮ್ಮಕ್ಕಳ ಜೇಬು ಎಂದು ನಾವು ಎಂದೂ ಯೋಚಿಸಿರಲಿಲ್ಲ.

ಡಬ್ಬಿಯ ಸದ್ದಿಗೆ ಅವರೂ ಎದ್ದು ಬಂದರು. ನಾವು ಪೊಟ್ಟಣವನ್ನು ಎತ್ತಿ ಹಿಡಿದೆವು, ಏಕೆಂದು ಕೇಳುವಂತೆ.

“ನಂಗೆಲ್ಲಿ ಹಲ್ಲವೆ ಕಣಪ್ಪ? ನಿಮ್ಮಪ್ಪ ಹೋದ್ಮೇಲೆ ಒಂದೊಂದೇ ಬಿದ್ವು. ಮುಂದಿನ ನಾಕು ಉಳಕೊಂಡವೆ, ಅದಕ್ಕೇ ನಿಂಗೆ ಕಾಣಲ್ಲ” ಎಂದು ನಕ್ಕರು. ಲವಂಗ ಇನ್ನೊಂದು ಡಬ್ಬಿಯಲ್ಲಿತ್ತು.

ತಂದೆಯವರು ತೀರಿಕೊಂಡು ಹನ್ನೊಂದು ವರ್ಷಗಳಾದವು. ಅಂಬಲಿ ಆಗಲೇ ಆರಕ್ಕಿಟ್ಟಿದ್ದುದರ, ಕಾಳು ಅರೆದು ಸೋಸಿದ್ದರ, ಒಗ್ಗರಣೆ ತಪ್ಪಿಸಿದ್ದರ ಅರ್ಥ ನಮಗೆ ಆಗ ತಿಳಿಯಿತು. ಅವರು ನಮಗಾಗಿ ಹೊಸದೇನನ್ನೂ ಮಾಡಿರಲಿಲ್ಲ; ತಮ್ಮ ಊಟವನ್ನೇ ಎರಡು ಪಾಲು ಮಾಡಿದ್ದರು. ನಾವೆಲ್ಲ ಉಂಡು ಎದ್ದಮೇಲೆ ಒಳಗೆ ಕುಳಿತು ಅವರು ಉಣ್ಣುತ್ತಿದ್ದುದು ಹಳೆಯ ಕಾಲದ ಸಂಪ್ರದಾಯವೆಂದುಕೊಂಡಿದ್ದೆವು. ಮನೆಯವರಿಗಾದರೂ ಗೊತ್ತಿತ್ತೇ ಎಂದು ಆಮೇಲೆ ವಿಚಾರಿಸಿದೆವು. ಗೊತ್ತಿತ್ತು. ನಮಗೂ ಗೊತ್ತಿದೆಯೆಂದೇ ಅವರು ತಿಳಿದಿದ್ದರಂತೆ.

ಮರುದಿನ ಮತ್ತೆ ಹೊಸೂರಿಗೆ ಓಡಿದೆವು. ವೈದ್ಯರು ಗುಳಿಯನ್ನು ತೊಳೆದು, ಲವಂಗದೆಣ್ಣೆಯ ವಾಸನೆಯ ಮದ್ದನ್ನು ಪಟ್ಟಿಯಲ್ಲಿಟ್ಟು ತುಂಬಿದರು. ಅರ್ಧ ಗಂಟೆಯೊಳಗೆ ಲೋಕ ಮತ್ತೆ ನೆಟ್ಟಗಾಯಿತು. ಒಂದು ದಿನ ಬಿಟ್ಟು ಮತ್ತೆ ಪಟ್ಟಿ ಬದಲಾಯಿಸಿದರು. ಏನು ತಿಂದಿರಿ ಎಂದು ಕೇಳಿದಾಗ ಮಾವಿನಹಣ್ಣಿನ ಮಾತನ್ನು ಹೇಳಿದೆವು. ಕೃಷ್ಣಗಿರಿ ಜಿಲ್ಲೆಗೆ ಬೇರೆ ಹಾಳೆ ಅಚ್ಚು ಹಾಕಿಸಬೇಕೆಂದು ಅವರು ನಕ್ಕರು; ಹಾಕಿಸಿದರೆ ಒಳ್ಳೆಯದೇ.

ಅನಂತರದ ದಿನಗಳ ಊಟವನ್ನು ನಾವೂ ಅಡಿಗೆಮನೆಯಲ್ಲಿ ಕುಳಿತು ಕಲಿತೆವು. ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿ ಬೀಸಿ ಬಟ್ಟೆಯಲ್ಲಿ ಜಾಲಿಸಿದ ಹಿಟ್ಟಿನ ಗಂಜಿ, ಬೆಲ್ಲ ಹಾಲಿನೊಡನೆ, ಎಳೆಮಗುವಿಗೆ ಮಾಡುವುದನ್ನೇ. ಇಡ್ಲಿಯನ್ನು ತೊವ್ವೆಯಲ್ಲಿ ನೆನೆಸಿ ಕಿವುಚಿದ್ದು. ಸೊಪ್ಪನ್ನು ಬೇಯಿಸಿ ಕಡೆಗೋಲಿನಿಂದ ಮಸೆದದ್ದು. ದಂಟನ್ನು ಮೊದಲೇ ತೆಗೆದಿಟ್ಟು. ಹಿಂಡಿದ ಮಾವಿನ ರಸ, ಚಮಚದಲ್ಲಿ. ಹುರಿಹಿಟ್ಟು ಮಾತ್ರ ಬೇಡ, ಪುಡಿ ಗುಳಿಗೆ ಹೋಗುತ್ತದೆ. ಎಂಟನೆಯ ದಿನ ಬಾಯಿ ಎರಡು ಬೆರಳು ತೆರೆದು, ಸಣ್ಣ ಸಣ್ಣ ತುತ್ತು ಮುದ್ದೆಯನ್ನು ಬಸ್ಸಾರಿನಲ್ಲಿ ಅದ್ದಿ ಬಲಗಡೆಯಿಂದ ನುಂಗಿದೆವು. ಇಬ್ಬರೂ ಒಟ್ಟಿಗೆ ಕುಳಿತು ಉಂಡೆವು. ಒಟ್ಟಿಗೆ ಉಂಡದ್ದು ಎಷ್ಟು ವರ್ಷಗಳ ಮೇಲೋ.

ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಹೊತ್ತಿಗೆ ನಾಲಿಗೆ ಸರಾಗವಾಗಿ ಹೊರಳುತ್ತಿತ್ತು. ಮುಂದಿನ ಭಾನುವಾರ ತಾಯಿಯವರನ್ನೂ ಅದೇ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಉಳಿದ ಬೇರುಗಳನ್ನು ತೆಗೆದು, ಗಾಯ ಮಾಗಿದ ಮೇಲೆ ಅಳತೆ ತೆಗೆದುಕೊಂಡು ಹಲ್ಲಿನ ಕಟ್ಟು ಮಾಡಿಕೊಡಬಹುದೆಂದರು. ತಾಯಿಯವರು ಕೇಳಿಕೊಂಡು ಬಂದರು. ರಾಗಿ ಬಿತ್ತನೆ ಮುಗಿಯಲಿ, ಆಮೇಲೆ ನೋಡೋಣವೆಂದರು. ಬಿತ್ತನೆ ಮುಗಿಯಿತು, ಪೈರು ಮೊಣಕಾಲುದ್ದ ಬಂದಿತು, ಅವರಿನ್ನೂ ಬಸ್ಸು ಹತ್ತಿಲ್ಲ. ದೀಪಾವಳಿ ಹತ್ತಿರ ಬರುತ್ತಿದೆ. ಹೊಸೂರಿನಿಂದ ಏನು ತರಲಿ, ಮೆತ್ತಗಿನದು ಏನಾದರೂ ತರಲೇ ಎಂದು ಮೊನ್ನೆ ಕೇಳಿದೆವು.

“ನಿಪ್ಪಟ್ಟೇ ತಾ. ಒಳ್ಳು ಐತಲ್ಲ, ಕುಟ್ಕೊಂಡು ತಿಂತೀನಿ” ಎಂದರು.