ಬಿಸಿಯಾಗದ ಗಾಡಿ

ನಮ್ಮ ಮಾನ್ವಿಯ ಬೇಸಿಗೆಯನ್ನು ಬಲ್ಲವರಿಗೆ ಈ ತಲೆಬರಹವೇ ನಗೆ ತಂದೀತು. ಚೈತ್ರ ಕಾಲಿಟ್ಟಿತೆಂದರೆ ಇಲ್ಲಿ ಬಿಸಿಯಾಗದ ವಸ್ತು ಯಾವುದು? ನಲ್ಲಿಯ ನೀರು ಬಿಸಿ, ಹಾಸಿದ ಹಾಸಿಗೆ ಬಿಸಿ, ಮೇಜಿನ ಮೇಲಿಟ್ಟ ಪುಸ್ತಕ ಬಿಸಿ. ಮಧ್ಯಾಹ್ನದ ಮೇಲೆ ಹಳಗನ್ನಡ ಪಾಠ ಹೇಳುವ ಮೇಷ್ಟರ ತಲೆಯ ಸಂಗತಿಯನ್ನಂತೂ ಕೇಳುವುದೇ ಬೇಡ. ಇಂಥ ಊರಿನಲ್ಲಿ ಒಂದು ಮೋಟಾರು ಗಾಡಿ ಎರಡು ವರ್ಷ ಕಾಲ ಸಾಕಷ್ಟು ಬಿಸಿಯಾಗದೆ ಓಡಿತು. ಆ ಮಾತನ್ನು ಒಬ್ಬ ಹುಡುಗ ನನಗೆ ಹೇಳಿದ, ನಾನು ನಕ್ಕುಬಿಟ್ಟೆ. ಆ ನಗೆಯ ಕಥೆ ಇದು.

ಗಾಡಿ ನನ್ನದೇ. ಹಿಂದೆ ದೊಡ್ಡ ಡಿಕ್ಕಿಯುಳ್ಳ ಹಳೆಯ ಸೆಡಾನು. ನಾನು ಎರಡನೆಯ ಯಜಮಾನ. ಕಂಪನಿಯ ಹೆಸರು ಬೇಡ, ತಪ್ಪು ಅದನ್ನು ಮಾಡಿದವರದಲ್ಲ. ಕೊಂಡ ಹೊಸತರಲ್ಲಿ ಅದು ಲೀಟರಿಗೆ 14 ಕಿಲೋಮೀಟರು ಕೊಡುತ್ತಿತ್ತು. ಕನ್ನಡ ಮೇಷ್ಟರಿಗೆ ಆ ಅಂಕಿ ಮರೆಯುವಂಥದಲ್ಲ. ನಮ್ಮ ಊರಿನವರೇ ಎಂದು ನಾವು ಹೆಮ್ಮೆಪಡುವ ಜಗನ್ನಾಥದಾಸರು ಹರಿಕಥಾಮೃತಸಾರವನ್ನು ರಚಿಸಿದ್ದು ಭಾಮಿನಿ ಷಟ್ಪದಿಯಲ್ಲಿ. ಆ ಷಟ್ಪದಿಯ ಮೊದಲ ಸಾಲಿಗೆ 14 ಮಾತ್ರೆ. ಒಂದು ಮಾತ್ರೆ ಕುಂದಿದರೂ ವಿದ್ಯಾರ್ಥಿಯ ಕಿವಿ ಹಿಂಡುವ ನಾನು, ಗಾಡಿಯ ಹದಿನಾಲ್ಕು ಹನ್ನೆರಡಾಗಿ, ಹತ್ತಾಗಿ, 9ಕ್ಕೆ ಇಳಿಯುವವರೆಗೆ ಸುಮ್ಮನಿದ್ದೆ. ಎಚ್ಚರವಾದಾಗ ಮೊದಲು ಹುಡುಕಿದ್ದು ಗಾಡಿಯಲ್ಲಿ ದೋಷವನ್ನಲ್ಲ, ಮನೆಯಲ್ಲಿ ಕಳ್ಳನನ್ನು.

ಕಳ್ಳ ದೂರವೇನೂ ಇರಲಿಲ್ಲ. ತಂದೆಯವರಿಗೆ ಪಾರ್ಶ್ವವಾಯು ಬಡಿದು ಎಡಗಾಲು ಸೋತಿತ್ತು. ವಾರಕ್ಕೊಮ್ಮೆ ಅಂಗಸಾಧನೆಯ ಚಿಕಿತ್ಸೆಗೆಂದು ರಾಯಚೂರಿಗೆ ಹೋಗಬೇಕು; ಹೋಗಿಬರುವ ದಾರಿ ತೊಂಬತ್ತು ಕಿಲೋಮೀಟರಿನ ಆಸುಪಾಸು. ನನಗೆ ಆ ದಿನ ನಾಲ್ಕು ತರಗತಿ. ಆದ್ದರಿಂದ ನಮ್ಮ ಓಣಿಯ ಒಬ್ಬ ಹುಡುಗನನ್ನು ಗೊತ್ತುಮಾಡಿದ್ದೆ. ಇಪ್ಪತ್ತೆರಡರ ಪ್ರಾಯ, ಮಿತಭಾಷಿ. ತಂದೆಯವರನ್ನು ಮಗುವಿನಂತೆ ಎತ್ತಿ ಕೂಡಿಸುವನು, ಇಳಿಸುವನು. ಒಂದು ದಿನ ಬೀಗದ ಕೈ ಕೊಡುತ್ತ ಅವನು ಹೇಳಿದ: "ಸರ, ಗಾಡಿ ಬಿಸಿನ ಆಗವಲ್ದು ನೋಡ್ರಿ. ರೋಡಿಗೆ ಬಿದ್ದರ ಮುಳ್ಳು ಅರ್ಧಕ್ಕ ಬರವಲ್ದು."

ಮೇ ತಿಂಗಳು. ಹೊರಗೆ 42 ಡಿಗ್ರಿ. "ಬಿಸಿಯಾಗಲಿಲ್ಲ ಎಂದರೆ ಒಳ್ಳೆಯದೇ ಆಯಿತಲ್ಲಪ್ಪ, ನಮಗಾದರೂ ಆ ಪುಣ್ಯವಿಲ್ಲ" ಎಂದು ನಕ್ಕೆ. ಮನಸ್ಸಿನಲ್ಲಿ ಬೇರೆಯೇ ಎಣಿಕೆ ನಡೆದಿತ್ತು. ಪೆಟ್ರೋಲು ಎಲ್ಲಿ ಹೋಗುತ್ತಿದೆ ಎಂಬುದನ್ನು ಮರೆಸಲು ಇವನೊಂದು ಕಥೆ ಕಟ್ಟುತ್ತಿದ್ದಾನೆ ಎಂದುಕೊಂಡೆ. ಮರುವಾರ ಅವನೆದುರಿಗೇ ಒಂದು ಪಾಕೆಟ್ ಪುಸ್ತಕ ತೆಗೆದು ಮೀಟರಿನ ಅಂಕಿಯನ್ನು ಬರೆದುಕೊಂಡೆ. ನಾನು ಬಾಯಿಬಿಟ್ಟು ಒಂದು ಮಾತನ್ನೂ ಆಡಲಿಲ್ಲ. ಓದಿದವರು ಆಡಬೇಕಾಗಿಯೂ ಇಲ್ಲ. ಹುಡುಗ ಪುಸ್ತಕವನ್ನು ನೋಡಿದ, ನನ್ನನ್ನು ನೋಡಿದ. ಆ ಸಂಜೆ ಬೀಗದ ಕೈಯನ್ನು ಕಿಟಕಿಯಲ್ಲಿಟ್ಟು ಹೋದವನು ಮತ್ತೆ ಬರಲಿಲ್ಲ. "ಆ ಹುಡುಗ ಅಂಥಾವಲ್ಲ" ಎಂದರು ತಂದೆ. ಮುದುಕರಿಗೆ ಎಲ್ಲರೂ ಒಳ್ಳೆಯವರೇ ಎಂದು ನಾನು ಸುಮ್ಮನಾದೆ.

ಚಿಕಿತ್ಸೆಯ ದಿನವನ್ನು ಶನಿವಾರಕ್ಕೆ ಬದಲಿಸಿಕೊಂಡು ನಾನೇ ಗಾಡಿ ಹೊಡೆಯತೊಡಗಿದೆ. ಪುಸ್ತಕ ಹೇಗೂ ತೆರೆದಿತ್ತು, ಲೆಕ್ಕ ಮುಂದುವರಿಯಿತು. ಒಂದೇ ಬಂಕಿನಲ್ಲಿ, ಒಂದೇ ಪಂಪಿನಲ್ಲಿ, ನಳಿಕೆ ತಾನಾಗಿ ನಿಲ್ಲುವವರೆಗೆ ತುಂಬಿಸುವುದು, ಮೀಟರು ಬರೆದುಕೊಳ್ಳುವುದು, ಟ್ಯಾಂಕು ಇಳಿದ ಮೇಲೆ ಮತ್ತೆ ಹಾಗೆಯೇ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿಸಿದ ಲೀಟರಿನಿಂದ ಭಾಗಿಸುವುದು. ಒಂದು ಸಲದ ಲೆಕ್ಕ ಹೆಚ್ಚುಕಡಿಮೆ ಆದೀತೆಂದು ಮೂರು ಸಲ ಮಾಡಿದೆ. ಮೂರು ಸಲವೂ ಉತ್ತರ 9ರ ಸುತ್ತಲೇ. ಹುಡುಗ ಹೋಗಿದ್ದ, ಪೆಟ್ರೋಲೂ ಮೊದಲಿನಂತೆಯೇ ಹೋಗುತ್ತಿತ್ತು. ಮೂರನೆಯ ಭಾಗಾಕಾರ ಮುಗಿದ ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಆಮೇಲೆ ಗಾಡಿಯ ಕಡೆ ತಿರುಗಿದೆ. ಸಲಹೆಗಾರರಿಗೆ ಬರವೇ? ಸಹೋದ್ಯೋಗಿಯೊಬ್ಬರು ಎಲ್ಲಕ್ಕೂ ಎಥನಾಲೇ ಕಾರಣವೆಂದರು. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡಾ 20ಕ್ಕೆ ಬಂದದ್ದು ನಿಜ. ಲೀಟರಿಗೆ ಲೀಟರು ಹೋಲಿಸಿದರೆ ಎಥನಾಲಿನ ಕಸುವು ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ ಎಂಬುದೂ ನಿಜ. ಆದರೆ ಲೆಕ್ಕ ಹಾಕಿದರೆ ಮಿಶ್ರಣದಲ್ಲಿ ಕುಂದುವ ಶಕ್ತಿ ಶೇಕಡಾ ಆರೇಳು. ಹದಿನಾಲ್ಕರಲ್ಲಿ ಸುಮಾರು ಒಂದು ಕಿಲೋಮೀಟರು ಅದರ ಪಾಲಿಗೆ ಬರೆಯಬಹುದು. ಮಿಕ್ಕ ನಾಲ್ಕನ್ನು ಯಾರ ತಲೆಗೆ ಕಟ್ಟೋಣ? ಬಿಡಿಭಾಗದ ಅಂಗಡಿಯವನು ಏರ್ ಫಿಲ್ಟರು ಬದಲಿಸಿರೆಂದ. ಭತ್ತದ ಹೊಟ್ಟು ಹಾರುವ ನಮ್ಮ ಕಡೆ ಅದು ಬೇಗ ಕಟ್ಟುವುದು ಸಹಜ, ಬದಲಿಸಿದೆ. ಗಾಡಿ ಹುರುಪಿನಿಂದ ಓಡಿತು, ಅಂಕಿ ಏಳಲಿಲ್ಲ. ಹಳೆಯ ಕಾರ್ಬುರೇಟರಿನ ಗಾಡಿಗಳಲ್ಲಿ ಫಿಲ್ಟರು ಕಟ್ಟಿದರೆ ಪೆಟ್ರೋಲು ಹೆಚ್ಚು ಕುಡಿಯುತ್ತಿದ್ದವು. ಇಂಜೆಕ್ಷನ್ ಗಾಡಿಯಲ್ಲಿ ಒಳಗಿರುವ ಗಣಕವು ಬಂದ ಗಾಳಿಯನ್ನು ಅಳೆದೇ ಪೆಟ್ರೋಲು ಬಡಿಸುವುದರಿಂದ, ಕುಂದುವುದು ಹೆಚ್ಚಾಗಿ ಬಲವೇ ಹೊರತು ಮೈಲೇಜಲ್ಲ ಎಂದು ಆಮೇಲೆ ತಿಳಿಯಿತು.

ಕಡೆಗೆ ರಾಯಚೂರಿನ ಒಬ್ಬ ವೃದ್ಧ ಮೆಕ್ಯಾನಿಕರ ಬಳಿಗೆ ಹೋದೆ. ಅವರು ಬಾನೆಟ್ಟಿಗೆ ಕೈಹಚ್ಚುವ ಮೊದಲು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಟೈರಿನ ಗಾಳಿ ಅಳೆದರು. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಕಂಬದ ಮೇಲೆಯೇ ಅಂಟಿಸಿತ್ತು: 30. ನಾನು ದಿನವೂ ಬಾಗಿಲು ತೆರೆದು ಮುಚ್ಚಿದ್ದೆನೇ ಹೊರತು ಆ ಚೀಟಿಯನ್ನು ಓದಿರಲಿಲ್ಲ. ಇದ್ದದ್ದು 20. ಟೈರು ಮೆತ್ತಗಿದ್ದರೆ ಗಾಡಿ ಸದಾ ಉಸುಕಿನಲ್ಲಿ ನಡೆದಂತೆ. ಆಮೇಲೆ ನಾಲ್ಕೂ ಗಾಲಿಗಳ ನಡುವೆ ಕೈಯಿಟ್ಟು ನೋಡಿದರು. ಹಿಂದಿನ ಎಡಗಾಲಿ ಮಾತ್ರ ಸುಡುತ್ತಿತ್ತು. ಹ್ಯಾಂಡ್‌ಬ್ರೇಕಿನ ತಂತಿ ತುಕ್ಕು ಹಿಡಿದು, ಬ್ರೇಕು ಪೂರ್ತಿ ಬಿಡದೆ ಗಾಲಿಯನ್ನು ಹಿಡಿದುಕೊಂಡೇ ಇತ್ತು. ತಂದೆಯವರ ಎಡಗಾಲನ್ನೂ ಗಾಡಿಯ ಎಡಗಾಲನ್ನೂ ಒಂದೇ ಪ್ರಯಾಣದಲ್ಲಿ ಎಳೆದೊಯ್ಯುತ್ತಿದ್ದೆನಲ್ಲ ಎನಿಸಿತು.

"ಇಷ್ಟಕ್ಕೇ ಇಷ್ಟು ಇಳಿಯದು" ಎಂದು ಅವರು ಎಂಜಿನ್ ತಣ್ಣಗಾಗುವವರೆಗೆ ಕಾಯಿಸಿ, ಮತ್ತೆ ಚಾಲೂ ಮಾಡಿ, ರೇಡಿಯೇಟರಿನ ಮೇಲಿನ ರಬ್ಬರು ಕೊಳವೆಯನ್ನು ನಾಡಿ ಹಿಡಿದಂತೆ ಹಿಡಿದು ನಿಂತರು. ಎಂಜಿನ್ ಹದಕ್ಕೆ ಬರುವವರೆಗೆ ಆ ಕೊಳವೆ ತಣ್ಣಗಿದ್ದು, ಆಮೇಲೆ ಒಮ್ಮೆಲೆ ಬಿಸಿಯಾಗಬೇಕು. ಇಲ್ಲಿ ಮೊದಲ ನಿಮಿಷದಿಂದಲೇ ಬೆಚ್ಚಗಾಗುತ್ತ ಬಂತು. "ಥರ್ಮೋಸ್ಟ್ಯಾಟ್ ಎಲ್ಲಿ ಸ್ವಾಮಿ?" ಎಂದರು.

ಆಗ ನೆನಪಾಯಿತು. ಎರಡು ವರ್ಷದ ಕೆಳಗೆ ಕಲ್ಲೂರಿನ ಬಳಿ ನೀರಿನ ಕೊಳವೆ ಒಡೆದು ಎಂಜಿನ್ ಕುದಿದಿತ್ತು. ರಿಪೇರಿ ಮಾಡಿದವನೊಬ್ಬ, "ನಮ್ಮ ಬಿಸಿಲಿಗೆ ಇದ್ಯಾಕ ಬೇಕ್ರಿ?" ಎಂದು ಆ ಪುಟ್ಟ ಕವಾಟವನ್ನು ಕಿತ್ತೇ ಬಿಟ್ಟಿದ್ದ. ನಾನು ಭೇಷ್ ಎಂದು ಮೇಲೆ ಐವತ್ತು ರೂಪಾಯಿ ಕೊಟ್ಟಿದ್ದೆ.

ಹಿರಿಯರು ವಿವರಿಸಿದರು. ಎಂಜಿನ್ನಿಗೆ ಹದವಾದ ಶಾಖ 85, 90 ಡಿಗ್ರಿ. ಅಲ್ಲಿಯವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಬಾಗಿಲೇ ಥರ್ಮೋಸ್ಟ್ಯಾಟು. ಬಾಗಿಲು ಕಿತ್ತರೆ, ಹೆದ್ದಾರಿಯ ಗಾಳಿಗೆ ಮೈಯೊಡ್ಡಿದ ನೀರು ಎಂದೂ ಹದಕ್ಕೆ ಬರುವುದಿಲ್ಲ. ಎಂಜಿನ್ ಇನ್ನೂ ತಣ್ಣಗಿದೆಯೆಂದು ಗಣಕ ಪೆಟ್ರೋಲನ್ನು ಹೆಚ್ಚು ಹೆಚ್ಚಾಗಿ ಸುರಿಯುತ್ತದೆ. ತಣ್ಣನೆಯ ಗೋಡೆಗೆ ತಾಗಿದ ಪೆಟ್ರೋಲು ಸರಿಯಾಗಿ ಆವಿಯಾಗದೆ, ಪೂರ್ತಿ ಉರಿಯದೆ ಹೋಗುತ್ತದೆ. ಎಣ್ಣೆಯೂ ಮಂದವಾಗಿಯೇ ಉಳಿಯುತ್ತದೆ. ನಮ್ಮನ್ನು ಬೇಯಿಸುವ 42 ಡಿಗ್ರಿ ಅದರ ಹದದ ಅರ್ಧವೂ ಅಲ್ಲ. ನಮ್ಮ ವೈಶಾಖ ಅದಕ್ಕೆ ಮಾಘದ ಚಳಿ. ನನ್ನ ಮೈಯ ಬೆವರನ್ನೇ ಪ್ರಮಾಣವಾಗಿಟ್ಟುಕೊಂಡು ನಾನು ಎಂಜಿನ್ನಿನ ಸುಖದುಃಖವನ್ನು ನಿರ್ಧರಿಸಿದ್ದೆ. ಹುಡುಗ ಮುಳ್ಳನ್ನು ನೋಡಿ ಹೇಳಿದ್ದ.

ಗಾಳಿ ತುಂಬಿಸಿದ ಮೇಲೆ 9 ಒಂಬತ್ತೂವರೆಯಾಯಿತು. ಬ್ರೇಕು ಬಿಡಿಸಿದ ಮೇಲೆ ಹತ್ತು ದಾಟಿತು. ಸಾವಿರ ರೂಪಾಯಿಯೊಳಗೆ ಮುಗಿದ ಥರ್ಮೋಸ್ಟ್ಯಾಟು ಹಾಕಿಸಿದ ಮೇಲೆ 12.3. ಮಿಕ್ಕದ್ದರಲ್ಲಿ ಎಥನಾಲಿಗೊಂದು ಪಾಲು, ಗಾಡಿಯ ವಯಸ್ಸಿಗೊಂದು ಪಾಲು, ಮನೆಯಿಂದ ಒಂದೂವರೆ ಕಿಲೋಮೀಟರಿನ ಕಾಲೇಜಿಗೂ ಎಂಜಿನ್ ಚಾಲೂ ಮಾಡುವ ನನ್ನ ಸೋಮಾರಿತನಕ್ಕೊಂದು ಪಾಲು. ಕಡೆಯದನ್ನು ಈಗ ಕಾಲ್ನಡಿಗೆಯಿಂದ ಉಳಿಸುತ್ತಿದ್ದೇನೆ.

ಇದೆಲ್ಲ ಆದ ಮರುದಿನ ಹುಡುಗನನ್ನು ಹುಡುಕಿಕೊಂಡು ಹೋದೆ. ಒಂದು ಅಕ್ಕಿ ಗಿರಣಿಯಲ್ಲಿ ಲಾರಿಗೆ ಚಾಲಕನಾಗಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ವಾಕ್ಯಗಳು ಅವನ ಮುಂದೆ ನಿಂತಾಗ ಒಂದೂ ಹೊರಡಲಿಲ್ಲ. "ತಪ್ಪು ನಂದಪ್ಪ, ಗಾಡಿ ಬಿಸಿಯಾಗ್ತಿರಲಿಲ್ಲ" ಎಂದಷ್ಟೇ ಹೇಳಿದೆ. ಅವನು ಸ್ವಲ್ಪ ಹೊತ್ತು ಚೀಲ ಏರಿಸುವವರನ್ನೇ ನೋಡುತ್ತಿದ್ದು, "ಈಗ ಮುಳ್ಳು ಅರ್ಧಕ್ಕ ಬರ್ತದೇನ್ರಿ?" ಎಂದ. ಬರುತ್ತದೆ ಎಂದೆ. "ಮುತ್ಯಾ ಹ್ಯಾಂಗದಾರ್ರಿ?" ಎಂದ.

ಕೆಲಸಕ್ಕೆ ಅವನು ಮರಳಿ ಬರಲಿಲ್ಲ. ಕರೆಯುವ ಮುಖವೂ ನನಗಿರಲಿಲ್ಲ. ಒಮ್ಮೊಮ್ಮೆ ಭಾನುವಾರ ಬಂದು ತಂದೆಯವರನ್ನು ಎತ್ತಿ ಕೂಡಿಸಿಕೊಂಡು ಕಾಲುವೆಯ ತನಕ ಗಾಡಿಯಲ್ಲಿ ತಿರುಗಿಸಿ ತರುತ್ತಾನೆ. ನಾನು ಪೆಟ್ರೋಲಿನ ಲೆಕ್ಕವನ್ನು ಈಗಲೂ ಅದೇ ಪುಸ್ತಕದಲ್ಲಿ ಬರೆಯುತ್ತೇನೆ. ಅವನೆದುರಿಗೆ ಬರೆದ ಅಂಕಿ ಮೊದಲ ಪುಟದಲ್ಲಿದೆ. ಆ ಪುಟವನ್ನು ಹರಿಯಬೇಕೆಂದು ಎಷ್ಟೋ ಸಲ ಅನ್ನಿಸಿದ್ದುಂಟು, ಹರಿದಿಲ್ಲ.