ಅಡಿಗೆಮನೆಯ ನಕ್ಷೆ

1885ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಗಾರೆಕೆಲಸ ಕಲಿಯಲು ಸೇರಿದ 17 ವರ್ಷದ ಹುಡುಗನೊಬ್ಬನಿಗೆ ಒಂದು ವಿಚಿತ್ರ ಗೋಚರಿಸಿತು. ಇಟ್ಟಿಗೆಯಿಡುವುದನ್ನು ಕಲಿಸುವಾಗ ಮೇಸ್ತ್ರಿ ತೋರಿಸುವ ರೀತಿ ಒಂದು. ಅವಸರದಲ್ಲಿ ತಾನೇ ಗೋಡೆ ಕಟ್ಟುವಾಗಿನ ರೀತಿ ಇನ್ನೊಂದು. ಇದರಲ್ಲಿ ಕಪಟವೇನೂ ಇಲ್ಲ. ತನ್ನ ಕೈ ಏನು ಮಾಡುತ್ತಿದೆಯೆಂಬುದು, ಪಾಪ, ಆತನಿಗೇ ತಿಳಿದಿರಲಾರದು!

ಆ ಹುಡುಗನೇ ಫ್ರಾಂಕ್ ಗಿಲ್‌ಬ್ರೆತ್. ಇಟ್ಟಿಗೆಯೊಂದಕ್ಕೆ ತಗಲುತ್ತಿದ್ದ 18 ಚಲನೆಗಳನ್ನು ಮುಂದೆ ಅವರು 5ಕ್ಕೆ ಇಳಿಸಿದರು. ಕೆಲಸವನ್ನು ತಿದ್ದುವ ಮುನ್ನ ಅದನ್ನು ಆದಿಯಿಂದ ಅಂತ್ಯದವರೆಗೆ ಹಾಳೆಯ ಮೇಲೆ ಚಿತ್ರಿಸಿಕೊಳ್ಳಬೇಕೆಂದು, 1921ರಲ್ಲಿ ಅವರೂ ಪತ್ನಿ ಲಿಲಿಯನ್ನರೂ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಪ್ರತಿಪಾದಿಸಿದರು. ಇಂದಿನ ಫ್ಲೋ ಚಾರ್ಟಿನ ಮೂಲ ಅಲ್ಲಿದೆ. 1947ರಲ್ಲಿ ಅದೇ ಸಂಘ ಐದು ಚಿಹ್ನೆಗಳನ್ನು ಗೊತ್ತುಪಡಿಸಿತು: ಕೆಲಸಕ್ಕೆ ವೃತ್ತ, ಸಾಗಣೆಗೆ ಬಾಣ, ಪರೀಕ್ಷೆಗೆ ಚೌಕ, ದಾಸ್ತಾನಿಗೆ ತ್ರಿಕೋನ, ಕಾಯುವಿಕೆಗೆ ಇಂಗ್ಲಿಷಿನ ‘ಡಿ’ ಅಕ್ಷರ.

ಬೆಳಗಿನ ಕಾಫಿಯನ್ನೇ ಹೀಗೆ ಬರೆದು ನೋಡಬಹುದು. ನೀರು ಕಾಯಿಸುವುದು ವೃತ್ತ. ಡಿಕಾಕ್ಷನ್ ಇಳಿಯಲೆಂದು ನಿಲ್ಲುವುದು ‘ಡಿ’. ಹಾಲು ಉಕ್ಕೀತೇ ಎಂದು ಇಣುಕುವುದು ಚೌಕ. ಸಕ್ಕರೆ ಡಬ್ಬಿಗಾಗಿ ಉಗ್ರಾಣಕ್ಕೆ ಹೋಗಿ ಬರುವುದು ಎರಡು ಬಾಣ. ಪತ್ರಿಕೆ ಹಿಡಿದು ಕುಳಿತ ಯಜಮಾನರಿಗೆ ಯಾವ ಚಿಹ್ನೆ ಸಲ್ಲಬೇಕೆಂಬುದನ್ನು ಗೃಹಿಣಿಯರೇ ನಿರ್ಧರಿಸಲಿ. ಕಾಫಿ ಹೇಗೆ ಮಾಡುವಿರೆಂದು ಕೇಳಿದರೆ ಆ ಎರಡು ಬಾಣಗಳನ್ನು ಮಾತ್ರ ಯಾರೂ ಹೇಳುವುದಿಲ್ಲ. ಆದ್ದರಿಂದ ನಕ್ಷೆಯನ್ನು ಕೇಳಿ ಬರೆದರೆ ಸಾಲದು, ನಿಂತು ನೋಡಿ ಬರೆಯಬೇಕು.

ಈ ವಿದ್ಯೆ ಅಡಿಗೆಮನೆಯನ್ನು ಹೊಕ್ಕದ್ದು ದುಃಖದ ಬಾಗಿಲಿನಿಂದ. 1924ರಲ್ಲಿ ಫ್ರಾಂಕ್ ಹಠಾತ್ತನೆ ತೀರಿಕೊಂಡರು. ಲಿಲಿಯನ್ನರ ಮಡಿಲಲ್ಲಿ 11 ಮಕ್ಕಳು. 1915ರಲ್ಲೇ ಡಾಕ್ಟರೇಟ್ ಪಡೆದಿದ್ದ ಆಕೆ ಪತಿಗೆ ಸರಿಸಮನಾಗಿ ದುಡಿದವರು. ಆದರೂ ಹೆಂಗಸಿನಿಂದ ಕಾರ್ಖಾನೆಯ ಸಲಹೆಯೇ ಎಂದು ಹಲವು ಕಂಪನಿಗಳು ಹಿಂಜರಿದು ಕರಾರನ್ನು ಮುಂದುವರಿಸಲಿಲ್ಲ. ಮಕ್ಕಳಿಗಂತೂ ಅನ್ನ, ವಿದ್ಯೆ ಎರಡೂ ಆಗಬೇಕು. ಹೆಂಗಸಿನ ಮಾತನ್ನು ಲೋಕ ಒಪ್ಪುವ ಜಾಗವೊಂದಿತ್ತಲ್ಲ, ಅಡಿಗೆಮನೆ. ಆಕೆ ತಮ್ಮ ನಕ್ಷೆಗಳನ್ನು ಅಲ್ಲಿಗೆ ಒಯ್ದರು. ಒಲೆ, ಮೇಜು, ತೊಟ್ಟಿಗಳ ನಡುವೆ ವ್ಯರ್ಥವಾಗುವ ಹೆಜ್ಜೆಗಳನ್ನು ಎಣಿಸಿ, 1929ರಲ್ಲಿ ಬ್ರೂಕ್ಲಿನ್ನಿನ ಗ್ಯಾಸ್ ಕಂಪನಿಯೊಂದಕ್ಕಾಗಿ ಮಾದರಿ ಅಡಿಗೆಮನೆಯನ್ನು ರೂಪಿಸಿದರು. ಸ್ವತಃ ಆಕೆಗೆ ಅಡಿಗೆಯಲ್ಲಿ ಆಸಕ್ತಿ ಅಷ್ಟಕ್ಕಷ್ಟೆ. ಅದು ಬಹುಶಃ ಅನುಕೂಲವೇ ಆಯಿತು. ಗಾರೆ ಮೇಸ್ತ್ರಿಯಂತೆ ಆಕೆಯ ಕೈಗೆ ರೂಢಿ ಅಂಟಿರಲಿಲ್ಲ.

1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯ ಆಕೆಯನ್ನು ಪ್ರಾಧ್ಯಾಪಕರನ್ನಾಗಿ ಬರಮಾಡಿಕೊಂಡಿತು. ಕರಾರನ್ನು ಕೈಬಿಟ್ಟಿದ್ದ ಕಂಪನಿಗಳವರು ಆ ಸುದ್ದಿಯನ್ನು ಓದಿದರೋ ಇಲ್ಲವೋ!