ಆನಂದದ ಒತ್ತೆ
ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿಯುವ ನಮಗೆ ಆತಂಕ ಹೊಸದಲ್ಲ. ಕಿವಿಯಲ್ಲಿ ನಿಲ್ದಾಣದ ಘೋಷಣೆ, ಮನಸ್ಸಿನಲ್ಲಿ ಮನೆಸಾಲದ ಕಂತು. ಚದುರಿದ ಇಂಥ ಮನಸ್ಸಿಗೆ ಗಾಂಜಾ ಮದ್ದೆಂದು ನಮ್ಮ ನಡುವಿನ ಕೆಲವು ತರುಣರು ನಂಬಿದ್ದಾರೆ. ಆ ನಂಬಿಕೆಯಲ್ಲಿ ಅರ್ಧ ಸತ್ಯವಿದೆ.

ಗಾಂಜಾದಂತೆಯೇ ವರ್ತಿಸುವ, ಮಿದುಳು ತಾನೇ ತಯಾರಿಸುವ ವಸ್ತುವೊಂದನ್ನು 1992ರಲ್ಲಿ ಗುರುತಿಸಿದ ವಿಜ್ಞಾನಿಗಳು ಸಂಸ್ಕೃತದ ‘ಆನಂದ’ದಿಂದಲೇ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ಅದು ಬೇಕಾದಾಗ ಹುಟ್ಟಿ ಬೇಗನೆ ಕರಗುತ್ತದೆ. ಗಾಂಜಾದ ಟಿಎಚ್‌ಸಿಯಾದರೋ ಅದೇ ಬಾಗಿಲಿನಿಂದ ಒಳಹೊಕ್ಕು ಬಹಳ ಹೊತ್ತು ಕುಳಿತುಬಿಡುತ್ತದೆ. ಅಲ್ಪ ಪ್ರಮಾಣದಲ್ಲಿ ಆತಂಕವನ್ನು ತಗ್ಗಿಸಬಲ್ಲ ಅದು ಹೆಚ್ಚಾದಾಗ ಆತಂಕವನ್ನೇ ಕೆರಳಿಸುತ್ತದೆ; ಓದಿದ ವಾಕ್ಯವನ್ನು ಮುಂದಿನ ವಾಕ್ಯದವರೆಗೆ ಹಿಡಿದಿಡುವ ಶಕ್ತಿಯನ್ನೂ ಸಡಿಲಿಸುತ್ತದೆ. ಚಿಂತೆ ಬಿಡಿಸಿಕೊಳ್ಳಲು ಹೋದವರು ಗಮನವನ್ನು ಒತ್ತೆಯಿಟ್ಟು ಬರುತ್ತಾರೆ.

ಅವರನ್ನು ಗದರಿಸುವ ಮೊದಲು, ಯಾವ ಚಿಂತೆಯೆಂದು ನಾವು ಗಮನವಿಟ್ಟು ಕೇಳಬೇಕಾಗಿದೆ.